ಎತ್ತಿಗೆ ಹಲ್ಲು, ಬೈಕಿಗೆ ಟೈರು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಬರುವ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಾನೆ. ಕೊಂಬಿಗೆ ಬಳಿದ ಬಣ್ಣ ನೋಡಿ ದುಡ್ಡು ಎಣಿಸುವುದಿಲ್ಲ. ಅಂಥ ಮನೆಯ ಹುಡುಗರೇ ಬೆಂಗಳೂರಿಗೆ ಬಂದು ಹಳೆಯ ಸ್ಪೋರ್ಟ್ಸ್ ಬೈಕ್ ಕೊಳ್ಳುವಾಗ ಮಾತ್ರ ಸ್ಟಿಕ್ಕರ್ ನೋಡಿ, ಸೈಲೆನ್ಸರ್ ಸದ್ದು ಕೇಳಿ, ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್‌ಗಳಲ್ಲಿ ಗೆಳೆಯರ ಜೊತೆ ಇಂಥ ಬೈಕ್ ನೋಡಲು ಆಗಾಗ ಹೋಗುತ್ತಿರುತ್ತೇನೆ. ಆರ್‌15, ಡ್ಯೂಕ್, ಪಲ್ಸರ್ ಯಾವುದೇ ಇರಲಿ, ಮಂಡಿಯೂರಿ ಟೈರ್ ನೋಡುವವರು ಅಪರೂಪ. ಕಾರಣ ಅಜ್ಞಾನವಲ್ಲ, ಸಂಕೋಚ. ಕೈಯಲ್ಲಿ ಇರುವುದೇ ಸ್ವಲ್ಪ ದುಡ್ಡು. ಹೆಚ್ಚು ಪ್ರಶ್ನೆ ಕೇಳಿದರೆ ಮಾರುವವನು ಬೇಸರಪಟ್ಟು ಬೇರೆಯವರಿಗೆ ಕೊಟ್ಟಾನು ಎಂಬ ಅಳುಕು. ಈ ಸಂಕೋಚ ಬಿಡಬೇಕು, ಚೌಕಾಸಿ ಟೈರಿನಿಂದಲೇ ಶುರುವಾಗಬೇಕು ಎನ್ನುವುದು ನನ್ನ ವಾದ.

ಇಡೀ ಬೈಕ್ ರಸ್ತೆಗೆ ಅಂಟಿಕೊಂಡಿರುವುದು ಎರಡು ಟೈರ್‌ಗಳ ಅಂಗೈಯಗಲದ ರಬ್ಬರಿನಿಂದ. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಮಳೆ ಬಿದ್ದ ರಸ್ತೆಯಲ್ಲಿ ನಮ್ಮನ್ನು ನಿಲ್ಲಿಸುವುದು ಆ ರಬ್ಬರೇ. ಇನ್ನೊಂದು ಕಾರಣವೂ ಇದೆ. ಮೀಟರ್ ತಿರುಗಿಸಬಹುದು, ಗೀರುಗಳಿಗೆ ಬಣ್ಣ ಹೊಡೆಯಬಹುದು. ಟೈರ್ ಮಾತ್ರ ತನ್ನ ವಯಸ್ಸನ್ನು ಮೈಮೇಲೇ ಬರೆದುಕೊಂಡಿರುತ್ತದೆ.

ಟೈರಿನ ಪಕ್ಕದಲ್ಲಿ ‘ಡಾಟ್’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ ಅದು 2018ರ 23ನೇ ವಾರ, ಅಂದರೆ ಜೂನ್ ಮೊದಲ ಭಾಗದಲ್ಲಿ ತಯಾರಾದ ಟೈರ್. ಗೆರೆಗಳು ಆಳವಾಗಿಯೇ ಕಂಡರೂ ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಪಕ್ಕದಲ್ಲಿ ಸಣ್ಣ ಬಿರುಕುಗಳಿದ್ದರೆ ಆ ಟೈರಿಗೆ ಬೆಲೆ ಕಟ್ಟಲೇಬೇಡಿ. ಗೆರೆಗಳ ಒಳಗೆ ಅಲ್ಲಲ್ಲಿ ಪುಟ್ಟ ದಿಬ್ಬಗಳಿರುತ್ತವೆ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಅದರ ಆಯಸ್ಸು ಮುಗಿದಂತೆ.

ಅಂಕಿಗಳನ್ನು ಮೀಟರ್ ಜೊತೆ ಹೋಲಿಸಿ. 2018ರ ಬೈಕ್, ಮೀಟರ್‌ನಲ್ಲಿ 8,000 ಕಿ.ಮೀ., ಟೈರ್ ಮಾತ್ರ 2023ರದ್ದು ಎಂದಾದರೆ, ಅಷ್ಟು ಕಡಿಮೆ ಓಡಿದ ಬೈಕಿಗೆ ಟೈರ್ ಏಕೆ ಬದಲಾಯಿತು ಎಂದು ಕೇಳಿ. ಬಳಸದೆ ನಿಂತು ಹಾಳಾಗಿದ್ದಿರಬಹುದು, ಬಿದ್ದಿರಬಹುದು, ಮೀಟರ್ ತಿರುಗಿರಬಹುದು. ಉತ್ತರ ಏನೇ ಬರಲಿ, ಕೇಳುವ ಹಕ್ಕು ನಿಮ್ಮದು. ಅಳತೆಯನ್ನೂ ನೋಡಿ. ಡ್ಯೂಕ್ 200ರ ಹಿಂದಿನ ಟೈರ್ 150/60, 17 ಇಂಚಿನದು. ದುಡ್ಡು ಉಳಿಸಲು ಸಣ್ಣ ಟೈರ್ ಹಾಕಿಸಿದ್ದರೆ ಅದೂ ಬೆಲೆಯಲ್ಲಿ ಇಳಿಯಬೇಕು.

ಟೆಸ್ಟ್ ರೈಡ್ ಎಂದರೆ ವೇಗ ನೋಡುವುದು ಎಂದುಕೊಂಡವರೇ ಹೆಚ್ಚು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗಿನ ಡಬಲ್ ಡೆಕ್ಕರ್ ಮೇಲ್ಸೇತುವೆಯಲ್ಲಿ ಆಕ್ಸಿಲೇಟರ್ ತಿರುವಿದರೆ ಎಂಜಿನ್ನಿನ ಅಬ್ಬರ ತಿಳಿದೀತು, ಬೈಕಿನ ಆರೋಗ್ಯ ತಿಳಿಯದು. ಜಯನಗರದ ಒಳರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಹತ್ತು ನಿಮಿಷ ಸಾಕು. ಹೊರಡುವ ಮುನ್ನ ಎಂಜಿನ್ ತಣ್ಣಗಿದೆಯೇ ನೋಡಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಟ್ಟಿರಬಹುದು. ಹ್ಯಾಂಡಲ್ ಹಗುರವಾಗಿ ಹಿಡಿದಾಗ ಬೈಕ್ ಒಂದು ಪಕ್ಕಕ್ಕೆ ಎಳೆಯುತ್ತದೆಯೇ? ತಿರುವಿನಲ್ಲಿ ಮೊದಲು ಬಾಗಲು ಒಪ್ಪದೆ, ಆಮೇಲೆ ತಟ್ಟನೆ ವಾಲುತ್ತದೆಯೇ? ಹಾಗಿದ್ದರೆ ಟೈರ್ ನಡುವೆ ಚಪ್ಪಟೆಯಾಗಿ ಸವೆದಿರಬಹುದು. ದಿನವೂ ನೇರ ರಸ್ತೆಯಲ್ಲೇ ಓಡಿದ ಬೈಕ್‌ಗಳ ಲಕ್ಷಣ ಅದು. ಹಂಪ್ ಇಳಿದ ಮೇಲೆ ಮುಂದಿನ ಫೋರ್ಕ್‌ನಲ್ಲಿ ಎಣ್ಣೆ ಜಿನುಗಿದೆಯೇ ನೋಡಿ. ಹಿಂದೆ ವಾಹನವಿಲ್ಲದಾಗ ಎರಡೂ ಬ್ರೇಕ್‌ಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿ. 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆಯ ಬೈಕ್‌ನಲ್ಲಿ ಎಬಿಎಸ್ ಇಲ್ಲದಿರಬಹುದು. ಅಂಥದ್ದರಲ್ಲಿ ಸವೆದ ಟೈರ್ ಇನ್ನಷ್ಟು ಅಪಾಯ.

ಹೆಲ್ಮೆಟ್, ಲೈಸೆನ್ಸ್ ಇಲ್ಲದೆ ಹತ್ತಲೇಬೇಡಿ. ವಿಮೆ ಇದೆಯೇ ಎಂದು ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್‌ಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ಆ ಐದು ವರ್ಷ ಮುಗಿದದ್ದು ಎಷ್ಟೋ ಮಾಲೀಕರಿಗೆ ನೆನಪೇ ಇರುವುದಿಲ್ಲ. ವಿಮೆಯಿಲ್ಲದ ಬೈಕ್ ಪರೀಕ್ಷಾರ್ಥ ಓಡಿಸುವಾಗ ಯಾರಿಗಾದರೂ ಗುದ್ದಿದರೆ, ಪರಿಹಾರದ ಹೊರೆ ಮಾಲೀಕನ ಜೊತೆ ನಿಮ್ಮ ಹೆಗಲಿಗೂ ಬರುತ್ತದೆ.

‘ಇಷ್ಟೆಲ್ಲ ನೋಡಿದರೆ ಬೈಕೇ ಸಿಗಲ್ಲ ಗುರು’ ಎನ್ನುತ್ತಾರೆ ಗೆಳೆಯರು. ನಾನು ಒಪ್ಪುವುದಿಲ್ಲ. ಟೈರ್ ಸವೆದಿದ್ದರೆ ಬೈಕ್ ಬಿಟ್ಟೇ ಬರಬೇಕೆಂದೇನಿಲ್ಲ. ಜೆ.ಸಿ. ರಸ್ತೆಯ ಒಂದೆರಡು ಅಂಗಡಿಗೆ ಫೋನ್ ಮಾಡಿ ಹೊಸ ಜೋಡಿಯ ಬೆಲೆ ಕೇಳಿ, ಅಷ್ಟನ್ನು ಒಟ್ಟು ಬೆಲೆಯಲ್ಲಿ ಕಳೆಯಿರಿ. ಸ್ಪೋರ್ಟ್ಸ್ ಬೈಕಿನ ಮೆತ್ತನೆಯ ಅಗಲ ಟೈರ್ ಸಾಮಾನ್ಯ ಬೈಕಿನದಕ್ಕಿಂತ ದುಬಾರಿ, ಬೇಗ ಸವೆಯುತ್ತದೆ ಕೂಡ. ಕೊಳ್ಳುವ ದಿನ ಟೈರ್‌ಗೆ ದುಡ್ಡಿಲ್ಲದವನು ಮುಂದಿನ ತಿಂಗಳು ಹಾಕಿಸುತ್ತೇನೆ ಎನ್ನುತ್ತಾನೆ. ಮುಂದಿನ ತಿಂಗಳು ಪಿಜಿ ಬಾಡಿಗೆ, ಪರೀಕ್ಷೆ ಫೀಸು ಎದುರು ನಿಂತಿರುತ್ತವೆ. ಮಳೆಗಾಲ ನಮ್ಮ ಸಂಬಳಕ್ಕೆ ಕಾಯುವುದಿಲ್ಲ.

ಮಾರುವವರಲ್ಲೂ ನನ್ನದೊಂದು ಮನವಿ. ಅವರಲ್ಲಿ ಬಹುಪಾಲು ನಮ್ಮ ವಯಸ್ಸಿನವರೇ. ಜಾಹೀರಾತಿಗೆ ಟ್ಯಾಂಕಿನ ಹತ್ತು ಫೋಟೊ ಹಾಕುವ ಬದಲು ಎರಡೂ ಟೈರಿನ ಆ ನಾಲ್ಕು ಅಂಕಿಗಳ ಫೋಟೊ ಹಾಕಿ. ಹಾಕದಿದ್ದರೆ ಕೊಳ್ಳುವವರು ಮೊದಲ ಮೆಸೇಜ್‌ನಲ್ಲೇ ಅದನ್ನು ಕೇಳಲಿ. ಕಳಿಸಲು ಒಪ್ಪದವರ ಬಳಿ ಹೋಗಿ ಪೆಟ್ರೋಲ್ ಸುಡಬೇಡಿ.