ಬಾಡಿ ಹಳತಾಯಿತು, ಲೆನ್ಸ್ ಉಳಿಯಿತು

ಸಾವಿರ ಡಾಲರ್ ಒಳಗೆ ಸಿಕ್ಕ ಮೊದಲ ಡಿಎಸ್‌ಎಲ್‌ಆರ್, ಕ್ಯಾನನ್ 300ಡಿ, ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ಅದಕ್ಕೂ ಮೊದಲು ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ ಎಂದರೆ ಪತ್ರಿಕಾ ಕಚೇರಿಗಳ ಸೊತ್ತು. ಮರುವರ್ಷ ನಿಕಾನ್ ಡಿ70 ಬಂತು. ಅಲ್ಲಿಂದ ಶುರುವಾದ 'ಮೊದಲ ಕ್ಯಾಮೆರಾ ಯಾವುದು ತಗೊಳ್ಳಲಿ' ಎಂಬ ಪ್ರಶ್ನೆ ಹದಿನೈದು ವರ್ಷ ನಮ್ಮನ್ನು ಬಿಡಲಿಲ್ಲ. ಈಗ ಅದಕ್ಕೆ ಹೊಸ ಉತ್ತರ ಹುಟ್ಟುವುದು ನಿಂತಿದೆ. 2020ರಲ್ಲಿ 1ಡಿಎಕ್ಸ್ ಮಾರ್ಕ್ 3 ತಂದ ಕ್ಯಾನನ್, ಡಿ6 ತಂದ ನಿಕಾನ್, ಎರಡೂ ಆಮೇಲೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆಗೆ ಹೊರಳಿಬಿಟ್ಟವು. ಜಪಾನಿನ ತಯಾರಕರ ಒಕ್ಕೂಟದ ಲೆಕ್ಕದಲ್ಲಿ 2012ರಲ್ಲಿ ಜಗತ್ತಿಗೆ ಹೋದ ಡಿಎಸ್‌ಎಲ್‌ಆರ್‌ಗಳು ಸುಮಾರು 1.6 ಕೋಟಿ. 2023ರಲ್ಲಿ ಅದು 12 ಲಕ್ಷದ ಆಸುಪಾಸು. ಕಡತ ಮುಚ್ಚುವ ಮುನ್ನ ಒಮ್ಮೆ ಹಿಂತಿರುಗಿ ನೋಡಲು ಇದು ಸರಿಯಾದ ಹೊತ್ತು.

ಅಷ್ಟು ವರ್ಷ ನಡೆದ ಚರ್ಚೆಯ ಮುಕ್ಕಾಲು ಪಾಲು ಬಾಡಿಯ ಸುತ್ತಲೇ ಸುತ್ತಿತು. ಕ್ಯಾನನ್ನೋ ನಿಕಾನೋ, 10 ಮೆಗಾಪಿಕ್ಸೆಲ್ ಸಾಕೋ 14 ಬೇಕೋ, ಫುಲ್ ಫ್ರೇಮ್‌ಗೆ ಕಾಯಬೇಕೋ ಬೇಡವೋ. ಗೆಳೆತನ ಕೆಡುವಷ್ಟು ಜಗಳವಾಡಿದವರಿದ್ದಾರೆ. 300ಡಿಯ 6.3 ಮೆಗಾಪಿಕ್ಸೆಲ್‌ನಲ್ಲೇ ಅಚ್ಚುಕಟ್ಟಾಗಿ ಹತ್ತಿಂಚಿನ ಪ್ರಿಂಟ್ ಬರುತ್ತಿತ್ತು. 2012ರಲ್ಲಿ ಡಿ3200 ಎಂಬ ಎಂಟ್ರಿ ಲೆವೆಲ್ ಬಾಡಿಗೇ 24 ಮೆಗಾಪಿಕ್ಸೆಲ್ ಬಂದ ಮೇಲೆ ಆ ವಾದಕ್ಕೆ ಅರ್ಥವೇ ಉಳಿಯಲಿಲ್ಲ. ಆದರೂ ವಾದ ಮುಂದುವರಿಯಿತು. ತೆಗೆದ ಚಿತ್ರಗಳು ಅಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಹೋಗುವುದು ಮಾಮೂಲಾಗಿತ್ತು.

ಬಾಡಿಗಳಲ್ಲಿ ನಿಜವಾಗಿ ಸುಧಾರಿಸಿದ್ದು ಮಬ್ಬು ಬೆಳಕಿನ ಶಕ್ತಿ. 2004ರ ಕ್ಯಾಮೆರಾದಲ್ಲಿ ಐಎಸ್‌ಒ 1600ಕ್ಕೆ ಹೋದರೆ ಚಿತ್ರದ ತುಂಬ ಮರಳು ಚೆಲ್ಲಿದಂತಿರುತ್ತಿತ್ತು. ಹತ್ತು ವರ್ಷದ ಬಳಿಕ 3200 ನಿಶ್ಚಿಂತೆಯ ಮಾತಾಯಿತು. ಇದು ಸಣ್ಣ ಲಾಭವಲ್ಲ. ಆದರೆ ಇದಕ್ಕಿಂತ ದೊಡ್ಡ ಲಾಭ ಮೊದಲ ದಿನದಿಂದಲೂ ಪಕ್ಕದ ಕಪಾಟಿನಲ್ಲೇ ಇತ್ತು, ಕೆಲವೇ ಸಾವಿರ ರೂಪಾಯಿಗೆ.

ಅದೇ 50 ಎಂಎಂ ಎಫ್/1.8. ಮದುವೆ ಛತ್ರವೊಂದನ್ನು ನೆನೆದುಕೊಳ್ಳಿ: ಟ್ಯೂಬ್‌ಲೈಟ್, ಹೋಮದ ಹೊಗೆ, ಧಾರೆಯ ಹೊತ್ತು. ಕ್ಯಾಮೆರಾ ಜೊತೆಗೆ ಬಂದ 18-55 ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಅದರ ಬಾಯಿ ಎಫ್/5.6ರಾಚೆ ತೆರೆಯುವುದಿಲ್ಲ. ಶಟರ್ ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹುಡುಗಿ ಕಣ್ಣು ಮಿಟುಕಿಸಿದರೂ ಚಿತ್ರ ಅಲುಗಾಡುತ್ತದೆ. ಕೈ ತಾನಾಗಿ ಫ್ಲ್ಯಾಶ್ ಎಬ್ಬಿಸುತ್ತದೆ, ಮುಖಗಳು ಬೆಳ್ಳಗೆ ಸುಣ್ಣ, ಹಿಂದಿನ ಮಂಟಪ ಕತ್ತಲು. ಅದೇ ಜಾಗದಲ್ಲಿ ಎಫ್/1.8 ಒಳಬಿಡುವ ಬೆಳಕು ಹೆಚ್ಚುಕಡಿಮೆ ಹತ್ತುಪಟ್ಟು. ಶಟರ್ ಇನ್ನೂರರ ಹತ್ತಿರ ಓಡುತ್ತದೆ, ಫ್ಲ್ಯಾಶ್ ಬೇಕಾಗುವುದಿಲ್ಲ, ದೀಪದ ಬಣ್ಣ ಇದ್ದಂತೆ ಬರುತ್ತದೆ. ಯಾವ ಬಾಡಿಯನ್ನು ಬದಲಿಸಿದರೂ ಈ ಹತ್ತುಪಟ್ಟು ಆ ಬೆಲೆಗೆ ಸಿಗುತ್ತಿರಲಿಲ್ಲ.

ತೊಡಕು ಇರಲಿಲ್ಲವೆಂದಲ್ಲ. ನಮ್ಮ ಎಂಟ್ರಿ ಲೆವೆಲ್ ಬಾಡಿಗಳದ್ದೆಲ್ಲ ಕ್ರಾಪ್ ಸೆನ್ಸರ್. ಅದರ ಮೇಲೆ 50 ಎಂಎಂ ನಿಕಾನ್‌ನಲ್ಲಿ 75ರಂತೆ, ಕ್ಯಾನನ್‌ನಲ್ಲಿ 80ರಂತೆ ಕಾಣಿಸುತ್ತದೆ. ಮನೆಯ ನಡುಕೋಣೆಯಲ್ಲಿ ನಾಲ್ಕು ಜನರನ್ನು ಹಿಡಿಯಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ನಿಕಾನ್ 2009ರಲ್ಲಿ ತಂದ 35 ಎಂಎಂ ಎಫ್/1.8 ಡಿಎಕ್ಸ್ ಈ ಕಷ್ಟ ನೀಗಿಸಿತು. ಇಡೀ ಡಿಎಸ್‌ಎಲ್‌ಆರ್ ಕಾಲದಲ್ಲಿ ಹೊಸಬರಿಗೆಂದೇ ಮಾಡಿದ ಅತ್ಯುತ್ತಮ ವಸ್ತು ಯಾವುದೆಂದು ಕೇಳಿದರೆ ನಮ್ಮ ಮತ ಆ ಲೆನ್ಸಿಗೆ. ಕ್ಯಾನನ್‌ನವರಿಗೆ 24 ಎಂಎಂ ಚಪ್ಪಟೆ ಲೆನ್ಸ್ ಸಿಗಲು 2014 ಆಗಬೇಕಾಯಿತು.

ಇಲ್ಲಿ ಕಂಪನಿಗಳ ಜಾಣತನವನ್ನೂ ಲೆಕ್ಕಕ್ಕೆ ಹಿಡಿಯಬೇಕು. 1959ರಿಂದ ಅದೇ ಎಫ್ ಮೌಂಟ್ ಎಂದು ಹೆಮ್ಮೆಪಡುತ್ತಿದ್ದ ನಿಕಾನ್, 2006ರ ಡಿ40ರಲ್ಲಿ ಬಾಡಿಯೊಳಗಿನ ಫೋಕಸ್ ಮೋಟಾರನ್ನೇ ಕಿತ್ತುಹಾಕಿತು. ಹಳೆಯ 50 ಎಂಎಂ 1.8ಡಿ ಅದರ ಮೇಲೆ ಚೆನ್ನಾಗಿಯೇ ಕೂರುತ್ತಿತ್ತು, ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ಡಿ3000, ಡಿ5000 ಸಾಲಿನಲ್ಲೂ ಇದೇ ಕಥೆ. ಬಾಡಿ ಅಗ್ಗವಾಯಿತು, ಅಗ್ಗದ ಲೆನ್ಸಿನ ದಾರಿ ಮುಚ್ಚಿತು. ಅಂಗಡಿಯವರು ಇದನ್ನು ಬಾಯಿಬಿಟ್ಟು ಹೇಳುತ್ತಿದ್ದುದು ಕಡಿಮೆ. ಅವರ ಬಾಯಲ್ಲಿದ್ದದ್ದು ಡಬಲ್ ಝೂಮ್ ಕಿಟ್, ಬ್ಯಾಗ್, ಕಾರ್ಡ್, ಮೇಲೊಂದು ಅಲ್ಲಾಡುವ ಟ್ರೈಪಾಡ್.

ಕರ್ನಾಟಕದ್ದೇ ಒಂದು ಹುಚ್ಚು ಇದಕ್ಕೆ ಸೇರಿತು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಪೂರ್ಣಚಂದ್ರ ತೇಜಸ್ವಿ ಅವರಂಥವರು ಫಿಲಂ ಕಾಲದಲ್ಲೇ ಹಾಕಿದ ದಾರಿಯಿಂದಾಗಿ ನಮ್ಮಲ್ಲಿ ಕ್ಯಾಮೆರಾ ಎಂದರೆ ಹಕ್ಕಿ, ಇಲ್ಲವೇ ಹುಲಿ. ಮೊದಲ ಬಾಡಿ ಕೊಳ್ಳುವವನು ಎರಡನೇ ಮಾತಿಗೇ 'ರೀಚ್ ಎಷ್ಟು' ಎನ್ನುತ್ತಾನೆ. ಆ ಆಸೆಗೆ ಬಿಕರಿಯಾದದ್ದು ಕಂಪನ ತಡೆಯಿಲ್ಲದ ಅಗ್ಗದ 70-300ಗಳು. ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ 300 ಧಾರಾಳ ಸಾಕು, ಬಣ್ಣದ ಕೊಕ್ಕರೆ ಅಷ್ಟು ಹತ್ತಿರ ಸಿಗುತ್ತದೆ. ಸೋಲುತ್ತಿದ್ದುದು ಶಟರ್ ವೇಗದಲ್ಲಿ. ಕ್ರಾಪ್ ಸೆನ್ಸರ್ ಮೇಲೆ 300 ಎಂದರೆ 450ರ ಲೆಕ್ಕ, ಐನೂರನೇ ಒಂದು ಸೆಕೆಂಡಿಗಿಂತ ನಿಧಾನ ಕೂಡದು. ದೋಣಿ ಬೇರೆ ತೂಗುತ್ತಿರುತ್ತದೆ. ಕಬಿನಿಯ ಸಂಜೆ ಬೆಳಕಿನಲ್ಲಿ ಆ ಲೆನ್ಸುಗಳು ಕೈಚೆಲ್ಲುತ್ತಿದ್ದವು. ಮುಂದೆ ಟ್ಯಾಮ್ರಾನ್, ಸಿಗ್ಮಾದ 150-600 ಮತ್ತು 2015ರಲ್ಲಿ ನಿಕಾನ್ 200-500 ಬಂದ ಮೇಲೆ ಹಕ್ಕಿಯವರ ಬವಣೆ ತಗ್ಗಿತು, ಹೆಗಲಿನ ಭಾರ ಹೆಚ್ಚಿತು.

ಹಾಳಾದ ಲೆನ್ಸುಗಳನ್ನು ನೋಡಿದರೆ ಹಳೆಯದಾಗಿ ಸತ್ತವು ಕಡಿಮೆ, ಬೂಸ್ಟು ಹಿಡಿದವೇ ಹೆಚ್ಚು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸ್ಪಂಜಿನ ಕ್ಯಾಮೆರಾ ಬ್ಯಾಗ್‌ನಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಅಕ್ಕಿ ಡ್ರಮ್ಮಿನೊಳಗೆ ಹುಗಿಯುವ ಉಪಾಯದಲ್ಲಿ ಒಣಗುವುದಕ್ಕಿಂತ ಹೊಟ್ಟಿನ ದೂಳು ಸೇರುವುದೇ ಜಾಸ್ತಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಪುಟ್ಟ ಆರ್ದ್ರತೆ ಮಾಪಕ, ಮುಳ್ಳು 40-50ರ ನಡುವೆ ಇದ್ದರೆ ಆಯಿತು.

ಬೂಸ್ಟು ತಪ್ಪಿಸಿಕೊಂಡ ಲೆನ್ಸಿಗೆ ಈಗ ಎರಡನೇ ಆಯುಷ್ಯ. ಮಿರರ್‌ಲೆಸ್‌ನಲ್ಲಿ ಕನ್ನಡಿಯ ಜಾಗ ಉಳಿದದ್ದರಿಂದ ಮೌಂಟ್ ಸೆನ್ಸರಿಗೆ ಹತ್ತಿರ ಬಂತು: ನಿಕಾನ್ ಎಫ್‌ನಲ್ಲಿ 46.5 ಮಿ.ಮೀ. ಇದ್ದದ್ದು ಝಡ್‌ನಲ್ಲಿ 16, ಕ್ಯಾನನ್ ಇಎಫ್‌ನ 44 ಆರ್‌ಎಫ್‌ನಲ್ಲಿ 20. ನಡುವಿನ ಖಾಲಿಗೆ ಅಡಾಪ್ಟರ್ ಕೂರಿಸಿದರೆ ಹಳೆಯ ಲೆನ್ಸ್ ಹೊಸ ಬಾಡಿಯ ಮೇಲೆ ದುಡಿಯುತ್ತದೆ. ಮೋಟಾರಿಲ್ಲದ ನಿಕಾನ್ ಡಿ ಲೆನ್ಸಿನ ಹಣೆಬರಹ ಮಾತ್ರ ಕಂಪನಿಯ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಬದಲಾಗಿಲ್ಲ.

ಕಲಿಯಹೊರಟ ವಿದ್ಯಾರ್ಥಿಗೆ ಇವತ್ತಿಗೂ ನಾವು ಹೇಳುವುದು ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಅನ್ನೇ. ಮಿರರ್‌ಲೆಸ್ ಬಾಡಿಯೊಂದರ ದುಡ್ಡಿನಲ್ಲಿ 24 ಮೆಗಾಪಿಕ್ಸೆಲ್ ಬಾಡಿಯ ಜೊತೆ 35 ಅಥವಾ 50 ಬಂದು ಚಿಲ್ಲರೆಯೂ ಉಳಿಯುತ್ತದೆ. ಕೊಳ್ಳುವಾಗ ಶಟರ್ ಕೌಂಟ್ ಕೇಳಿ. ನಿಕಾನ್ ಡಿ3200 ಥರದ ಬಾಡಿಗಳ ಶಟರ್ ಒಂದು ಲಕ್ಷ ಕ್ಲಿಕ್‌ಗೆ ಪರೀಕ್ಷೆಯಾದದ್ದು. ಲೆನ್ಸಿನ ಬಾಯಿ ಪೂರ್ತಿ ತೆರೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ, ಒಳಗೆ ಕವಲೊಡೆದ ಬಿಳಿ ಎಳೆ ಕಂಡರೆ ಅದು ಬೂಸ್ಟು, ವಾಪಸ್ ಕೊಡಿ. ನಿಕಾನ್ 50 ಆದರೆ ಹೆಸರಿನ ಕೊನೆಯಲ್ಲಿ ಜಿ ಇದೆಯೋ, ಮೋಟಾರಿಲ್ಲದ ಡಿ ಇದೆಯೋ ನೋಡಿ. ಮಾರುವವರು 18-55 ಸೇರಿಸಿಯೇ ಕೊಡುತ್ತಾರೆ. ಅದಕ್ಕೆಂದು ರೇಟು ಏರಿಸಿದರೆ ಒಪ್ಪಬೇಕಿಲ್ಲ.