ಪಾಠ ಹೇಳಿದವರ ಪತ್ರ

ಶಿಫಾರಸು ಎಂದೊಡನೆ ನಮ್ಮ ಊರುಗಳಲ್ಲಿ ನೆನಪಾಗುವುದು ಶಾಸಕರ ಮನೆಯೆದುರಿನ ಸಾಲು. ಸೀಟಿಗೂ ವರ್ಗಾವಣೆಗೂ ಒಂದು ಪತ್ರ. ಆದ್ದರಿಂದಲೇ ಉನ್ನತ ವ್ಯಾಸಂಗದ ಅರ್ಜಿಗೆ ಪ್ರಾಧ್ಯಾಪಕರ ಶಿಫಾರಸು ಬೇಕೆಂದಾಗಲೂ ಹೆತ್ತವರು ದೊಡ್ಡ ಹುದ್ದೆಯವರನ್ನೇ ಅರಸುತ್ತಾರೆ. ಮಗಳಿಗೆ ಒಂದು ದಿನವೂ ಪಾಠ ಹೇಳದ ಪ್ರಾಂಶುಪಾಲರು 'ಸನ್ನಡತೆಯುಳ್ಳವಳು, ಪರಿಶ್ರಮಿ' ಎಂದು ಮೂರು ಸಾಲು ಬರೆದು ಮೊಹರು ಒತ್ತುತ್ತಾರೆ. ಆಯ್ಕೆ ಸಮಿತಿಗೆ ಅದರಿಂದ ತಿಳಿಯುವುದು ಏನೂ ಇಲ್ಲ.

ಅಮೆರಿಕದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ನೆರವಾಗುವ ಫುಲ್‌ಬ್ರೈಟ್-ನೆಹರೂ ಫೆಲೋಶಿಪ್ ಮೂರು ಪತ್ರಗಳನ್ನು ಕೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳೊಡನೆ ನಡೆಸುತ್ತ ಬಂದ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅಧ್ಯಾಪಕರ ಪತ್ರ ಬೇಕು. ಈ ವಿದ್ಯಾರ್ಥಿ ತರಗತಿಯಲ್ಲಿ ಎಂತಹ ಪ್ರಶ್ನೆ ಕೇಳಿದಳು, ಪ್ರಯೋಗ ಕೈಕೊಟ್ಟಾಗ ಏನು ಮಾಡಿದಳು? ಕಂಡವರು ಮಾತ್ರ ಇದನ್ನು ಹೇಳಬಲ್ಲರು.

ತೊಡಕು ಇರುವುದೂ ಇಲ್ಲಿಯೇ. ನಮ್ಮ ಸರಕಾರಿ ಪದವಿ ಕಾಲೇಜುಗಳ ಬೋಧನೆಯ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೆಂಬ ಭರವಸೆಯಿಲ್ಲ. ಹೆಸರಾಂತ ಕಾಲೇಜುಗಳ ಸ್ನಾತಕೋತ್ತರ ತರಗತಿಗಳಲ್ಲಿ ಐವತ್ತಕ್ಕೆ ಒಬ್ಬರೇ ಮುಸ್ಲಿಮರು ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಪತ್ರವೊಂದೇ ಅದಕ್ಕೆ ಕಾರಣವಲ್ಲ, ನಿಜ. ಆದರೆ ಹುದ್ದೆಗಳನ್ನು ಖಾಲಿ ಬಿಡುವ ಸರಕಾರಗಳು ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗೆಂದು ಅತಿಥಿ ಉಪನ್ಯಾಸಕರ ಪತ್ರ ಕೀಳೆಂದು ಭಾವಿಸಬೇಕಿಲ್ಲ. ನಿಮ್ಮನ್ನು ಬಲ್ಲವರಾದರೆ ಅವರನ್ನೇ ಕೇಳಿ. ಕೊನೆಯ ದಿನಾಂಕಕ್ಕೆ ಒಂದು ತಿಂಗಳು ಮೊದಲೇ ಹೋಗಿ ಅಂಕಪಟ್ಟಿ, ಯೋಜನಾ ವರದಿ, ಏಕೆ ಓದಬಯಸುತ್ತೀರೆಂಬ ಬರಹ ಕೊಡಿ. 'ಸರ್, ನನ್ನ ಬಗ್ಗೆ ವಿವರವಾಗಿ ಬರೆಯಲು ಸಾಧ್ಯವೇ?' ಎಂದು ನೇರವಾಗಿ ಕೇಳಿ. ಅವರು ಹಿಂಜರಿದರೆ ವಂದಿಸಿ ಇನ್ನೊಬ್ಬರ ಬಳಿಗೆ ಹೋಗುವುದೇ ಲೇಸು.

'ನೀನೇ ಬರೆದು ತಾ, ಸಹಿ ಹಾಕುತ್ತೇನೆ' ಎನ್ನುವ ಅಧ್ಯಾಪಕರಿಗೂ ಒಂದು ಮಾತು: ಕೆಲಸದ ಒತ್ತಡ ಅರ್ಥವಾಗುತ್ತದೆ, ಆದರೆ ತಾವು ನುಡಿಯದ ಸಾಕ್ಷ್ಯಕ್ಕೆ ಸಹಿ ಹಾಕುವುದು ಪ್ರಾಮಾಣಿಕತೆಯಲ್ಲ. ಅಧ್ಯಾಪಕರ ಹೆಸರಿನಲ್ಲಿ ಇಮೇಲ್ ಖಾತೆ ತೆರೆದು ಪತ್ರ ಕಳಿಸಿಕೊಡುವ ದಲ್ಲಾಳಿಗಳದ್ದಂತೂ ಶುದ್ಧ ಖೋಟಾ ಕೆಲಸ. ಸಿಕ್ಕಿಬಿದ್ದರೆ ಅರ್ಜಿಯೇ ತಿರಸ್ಕೃತವಾಗುತ್ತದೆ.

ತರಗತಿ ಮುಗಿದ ಮೇಲೆ ಹತ್ತು ನಿಮಿಷ ನಿಂತು ಅಧ್ಯಾಪಕರಲ್ಲಿ ಸಂಶಯ ಕೇಳಿ ಬಂದ ಮಗಳನ್ನು 'ಇಷ್ಟು ಹೊತ್ತು ಎಲ್ಲಿದ್ದೆ?' ಎಂದು ಗದರಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವಳ ಪರವಾಗಿ ಪತ್ರ ಬರೆಯುವಷ್ಟು ಅವಳನ್ನು ಬಲ್ಲವರು ಮೂರು ವರ್ಷಗಳ ಬಳಿಕ ಆ ಕಾಲೇಜಿನಲ್ಲಿ ಯಾರಿರುತ್ತಾರೆ?