ಮೂರು ಮದ್ದಿನ ಟ್ಯೂಬು

ತೊಡೆಸಂದಿನಲ್ಲಿ ಕೆರೆತ ಶುರುವಾದರೆ ಮೊದಲು ನಾಚಿಕೆ, ಆಮೇಲೆ ಮೆಡಿಕಲ್ ಶಾಪು. ‘ತುರಿಕೆಗೆ ಒಂದು ಟ್ಯೂಬು ಕೊಡಿ’ ಎಂದರೆ ಸಾಕು. ಎಷ್ಟು ದಿನದಿಂದ, ಮನೆಯಲ್ಲಿ ಇನ್ಯಾರಿಗಿದೆ ಎಂದು ಅಂಗಡಿಯವನು ಕೇಳುವುದಿಲ್ಲ. ಕೇಳಿದರೆ ನಿಮಗೂ ಹಿಡಿಸುವುದಿಲ್ಲ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ. ಅಲ್ಲಿಗೆ ನೀವೇ ವೈದ್ಯರಾಗಿ ಅದೇ ಟ್ಯೂಬನ್ನು ತಮ್ಮನಿಗೆ, ನಾದಿನಿಗೆ, ಪಕ್ಕದ ಮನೆಯವರಿಗೆ ಹಂಚುತ್ತೀರಿ. ಹೋಯ್ತು ಅಂದುಕೊಂಡಿರಿ. ಹೋಗಿಲ್ಲ.

ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿದ್ದೀರಾ? ಶಿಲೀಂಧ್ರಕ್ಕೊಂದು ಮದ್ದು, ಬ್ಯಾಕ್ಟೀರಿಯಾಕ್ಕೊಂದು ಆ್ಯಂಟಿಬಯಾಟಿಕ್, ಜೊತೆಗೆ ಕ್ಲೊಬೆಟಸಾಲ್‌ನಂಥ ಭಾರಿ ಸ್ಟೆರಾಯ್ಡ್. ರೋಗಾಣು ಯಾವುದೋ ಯಾರಿಗೆ ಬೇಕು, ಎಲ್ಲದಕ್ಕೂ ಒಂದೊಂದು ಇರಲಿ ಎಂಬ ಸೋಮಾರಿತನವನ್ನೇ ಅದರಲ್ಲಿ ತುಂಬಿ ಮಾರುತ್ತಿದ್ದಾರೆ. ರೋಗಾಣುಗಳೆಲ್ಲ ಒಂದೇ ಜಾತಿಯವಲ್ಲ, ಕೆಡಿಸುವ ರೀತಿಯೂ ಒಂದೇ ಅಲ್ಲ. ಕಾಲರಾದ ಬ್ಯಾಕ್ಟೀರಿಯಾ ಕರುಳಿನಲ್ಲಿ ವಿಷ ಉಗುಳಿ ಮೈಯ ನೀರನ್ನು ಹೊರಗೆಳೆಯುತ್ತದೆ. ಫ್ಲೂ ವೈರಸ್ಸು ಜೀವಕೋಶದೊಳಗೆ ಹೊಕ್ಕು ಅದರ ಕೈಯಲ್ಲೇ ತನ್ನ ಸಂತಾನ ಬೆಳೆಸಿಕೊಳ್ಳುತ್ತದೆ. ಮಲೇರಿಯಾದ ಏಕಕೋಶಜೀವಿ ಕೆಂಪು ರಕ್ತಕಣದೊಳಗೆ ಹೆಚ್ಚಿ, ಅದನ್ನು ಒಡೆದುಕೊಂಡು ಹೊರಬರುತ್ತದೆ.

ನಿಮ್ಮ ತೊಡೆಸಂದು, ಸೊಂಟಗಳ ಮೇಲಿರುವ ಹುಳುಕಡ್ಡಿ ಶಿಲೀಂಧ್ರದ ಕೆಲಸ; ಸಾಮಾನ್ಯವಾಗಿ ಟ್ರೈಕೊಫೈಟಾನ್ ಕುಲದ್ದು. ಚರ್ಮದ ಸತ್ತ ಮೇಲ್ಪದರ, ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಇದರ ಊಟ. ಕಿಣ್ವ ಸುರಿಸಿ, ಕರಗಿಸಿ ತಿನ್ನುತ್ತದೆ. ಆದರೆ ನಿಮ್ಮನ್ನು ಕಾಡುವ ಕೆಂಪು, ಕೆರೆತ, ಗುಂಡಗೆ ಉಬ್ಬಿದ ಅಂಚು, ಇವೆಲ್ಲ ಬಹುಮಟ್ಟಿಗೆ ಅದನ್ನು ಹೊರದೂಡಲು ನಿಮ್ಮ ಮೈಯೇ ಹೂಡಿದ ಕಾದಾಟದ ಗುರುತು. ಸ್ಟೆರಾಯ್ಡ್ ಆ ಕಾದಾಟವನ್ನೇ ಅಡಗಿಸುತ್ತದೆ. ಕಳ್ಳ ಹೊಕ್ಕಿದ್ದಾನೆಂದು ಬೊಗಳಿದ ನಾಯಿಯನ್ನು ಬಡಿದು ಮಲಗಿಸಿ, ಮನೆ ನಿಶ್ಶಬ್ದವಾಯಿತೆಂದು ನೀವು ನಿದ್ದೆಹೋಗುತ್ತಿದ್ದೀರಿ.

ಮುಲಾಮು ನಿಲ್ಲಿಸಿದ ಕೂಡಲೇ ಹುಳುಕಡ್ಡಿ ಇನ್ನಷ್ಟು ಅಗಲಕ್ಕೆ ಏಳುತ್ತದೆ. ಮತ್ತೆ ಟ್ಯೂಬು. ತಿಂಗಳುಗಟ್ಟಲೆ ಹೀಗೇ ನಡೆದರೆ ಚರ್ಮ ತೆಳುವಾಗಿ ಗೀರು ಬೀಳುತ್ತದೆ. ಆ ಗೀರು ಪೂರ್ತಿ ಅಳಿಯುವುದಿಲ್ಲ. ಕೊನೆಗೆ ಚರ್ಮವೈದ್ಯರ ಮುಂದೆ ಕೂರುವ ಹೊತ್ತಿಗೆ ರೋಗದ ಚಹರೆಯೇ ಕಲಸಿಹೋಗಿರುತ್ತದೆ.

ಇಷ್ಟು ನಿಮ್ಮ ಮೈಯ ಮಾತು. ಊರಿಗೆಲ್ಲ ನೀವು ಮಾಡುತ್ತಿರುವುದು ಇನ್ನೂ ಕೆಟ್ಟದ್ದು. ಟರ್ಬಿನಫಿನ್ ಎಂಬ ಔಷಧಿ ಶಿಲೀಂಧ್ರ ತನ್ನ ಪೊರೆ ಕಟ್ಟಿಕೊಳ್ಳಲು ಬಳಸುವ ಕಿಣ್ವವೊಂದನ್ನು ಹಿಡಿದು ನಿಲ್ಲಿಸುತ್ತದೆ. ಆ ಕಿಣ್ವದ ಜೀನ್ ಬದಲಿಸಿಕೊಂಡು ಮದ್ದಿಗೆ ಬಗ್ಗದ ತಳಿ ನಮ್ಮಲ್ಲಿ ಹಬ್ಬಿದೆ. 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಭಾರತದ ಹೆಸರು ಹೊತ್ತು ಅದು ದೇಶಾಂತರವೂ ಹೋಗಿದೆ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ಮಹಿಳೆಯರಲ್ಲಿ ಅದು ಕಂಡಿದ್ದು ವರದಿಯಾಯಿತು. ಒಬ್ಬಾಕೆ ಬಾಂಗ್ಲಾದೇಶಕ್ಕೆ ಹೋಗಿಬಂದವರು, ಇನ್ನೊಬ್ಬಾಕೆ ಇತ್ತೀಚೆಗೆ ದೇಶ ದಾಟಿದವರೇ ಅಲ್ಲ. ಈ ತಳಿ ಹಬ್ಬಿದ್ದರಲ್ಲಿ ಇಂಥ ಟ್ಯೂಬುಗಳ ಮನಸೋ ಇಚ್ಛೆ ಬಳಕೆಯ ಪಾಲೂ ಇದೆ ಎಂದು ಚರ್ಮವೈದ್ಯರು ಬಾಯಿಬಡಿದುಕೊಳ್ಳುತ್ತಿದ್ದಾರೆ.

ಕಾನೂನು ಇಲ್ಲವೆಂದಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಮುಲಾಮುಗಳಲ್ಲಿ ಬಳಸುವ 14 ಸ್ಟೆರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು; ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರುವವನಿಗೆ ಅದು ಗೊತ್ತು. ಕೆಂಪು ಕಂಡಲ್ಲೆಲ್ಲ ಅದೇ ಟ್ಯೂಬಿನ ಹೆಸರು ಗೀಚಿಕೊಡುವ ವೈದ್ಯರಿಗೂ ಗೊತ್ತು. ಅವರನ್ನು ತೋರಿಸಿ ನೀವು ಪಾರಾಗುವಂತಿಲ್ಲ.

ಏಕೆಂದರೆ ಮನೆಮಂದಿಗೆಲ್ಲ ಒಂದೇ ಟವೆಲ್ಲು ಇಟ್ಟವರು ನೀವು. ಮಳೆಗಾಲದಲ್ಲಿ ಅರೆ ಒಣಗಿದ ಜೀನ್ಸು ಏರಿಸಿಕೊಂಡು ಹೊರಟವರು, ಬೆವರಿಗೆ ಒದ್ದೆಯಾದ ಲಂಗದ ಲಾಡಿಯನ್ನು ಅದೇ ಜಾಗಕ್ಕೆ ಬಿಗಿದವರು ನೀವು. ವೈದ್ಯರು ವಾರಗಟ್ಟಲೆ ನುಂಗಿ ಎಂದು ಬರೆದುಕೊಟ್ಟ ಮಾತ್ರೆಯನ್ನು ಕೆರೆತ ನಿಂತ ದಿನವೇ ಬಿಟ್ಟು, ಉಳಿದಿದ್ದನ್ನು ಫ್ರಿಜ್ಜಿನ ಮೇಲೆ ಎತ್ತಿಟ್ಟವರೂ ನೀವೇ.

ಶಿಲೀಂಧ್ರವೇ ಹೌದೋ ಎಂದು ತಿಳಿಯುವ ಪರೀಕ್ಷೆಯೇನು ದೊಡ್ಡ ಖರ್ಚಿನದಲ್ಲ. ಕಲೆಯ ಅಂಚನ್ನು ತುಸು ಕೆರೆದು, ಆ ಪುಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಶಿಲೀಂಧ್ರವಿದ್ದರೆ ಎಳೆ ಎಳೆಯಾಗಿ ಕಾಣುತ್ತದೆ. ಏನೇನೋ ಹಚ್ಚಿಕೊಂಡು ಹೋದರೆ ಇದ್ದರೂ ಕಾಣದಿರಬಹುದು, ಆದ್ದರಿಂದ ಹಚ್ಚುವ ಮೊದಲೇ ಹೋಗಿ. ಮನೆಯಲ್ಲಿ ಕದ್ದು ಕೆರೆದುಕೊಳ್ಳುತ್ತಿರುವ ಇನ್ನಿಬ್ಬರನ್ನೂ ಕರೆದುಕೊಂಡು ಹೋಗಿ. ಈಗಾಗಲೇ ಹಚ್ಚಿದ್ದರೆ ಆ ಟ್ಯೂಬುಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ವೈದ್ಯರು ಕೇಳಿದಾಗ ‘ಯಾವುದೋ ಬಿಳಿ ಮುಲಾಮು, ಹೆಸರು ಮರೆತೆ’ ಎನ್ನಬೇಡಿ.